ತಂಬು, ತುಂತುರು ಮಳೆ ಮತ್ತು ಎರಡು ಹೆಸರಿನ ನಾಯಿ

ನಮ್ಮ ಮನೆತನದವರು ಮುಖ ಗಂಟು ಹಾಕಿಕೊಂಡು ಯಾವ ಕೆಲಸಕ್ಕೆ ಕೈ ಹಾಕಿದರೂ ಅದು ನಗೆಪಾಟಲಾಗಿಯೇ ಮುಗಿಯುತ್ತದೆ. ನಾನು ನಿಲಂಗಾದ ಒಂದು ಶಾಲೆಯಲ್ಲಿ ಶಿಕ್ಷಕಿ. ಮಕ್ಕಳು ಪಾಠ ಕೇಳುತ್ತ ತೂಕಡಿಸಿದಾಗ ಉಮರ್ಗಾದ ನನ್ನ ತವರಿನ ಸುದ್ದಿ ತೆಗೆದರೆ ಸಾಕು, ಹಿಂದಿನ ಬೆಂಚಿನವರೂ ಎದ್ದು ಕೂಡುತ್ತಾರೆ. ಹೋದ ಮಳೆಗಾಲದಲ್ಲಿ ನಡೆದದ್ದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ. ನೆನೆದರೆ ಅದು ಅರ್ಧ ಕನಸಿನ ಹಾಗಿದೆ. ಆದರೆ ಕನಸಿನಲ್ಲಿ ಚಪ್ಪಲಿಗೆ ಅಷ್ಟೊಂದು ಕೆಸರು ಹತ್ತುವುದಿಲ್ಲ.

ಎರಡು ಸಂಸಾರ

ಅಣ್ಣನದು ಉಮರ್ಗಾದಲ್ಲಿ ಕಾಳುಕಡಿಯ ಅಡತಿ ಅಂಗಡಿ, ತಮ್ಮನದು ಅರಿವೆ ಅಂಗಡಿ. ನಾನು ನಡುವಿನವಳು. ಅವರಿಬ್ಬರ ಮನೆಗಳ ನಡುವೆ ಇರುವುದು ಒಂದೇ ಗೋಡೆ.

ಉದಗೀರದಲ್ಲಿ ನಮ್ಮ ಬಳಗದ ಒಂದು ಮದುವೆಯಾಯಿತು. ಲಗ್ನಪತ್ರಿಕೆ ಅಚ್ಚು ಹಾಕಿಸಿದವನು ಅಣ್ಣ. ಅದರಲ್ಲಿ ತಮ್ಮನ ಹೆಸರು ಎಲ್ಲರಿಗಿಂತ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ ಬಂತು. ಬೇಕಂತಲೇ ಮಾಡಿದ್ದಾನೆ ಎಂದು ತಮ್ಮ, ಪ್ರೆಸ್ಸಿನವನು ಮಾಡಿದ್ದು ಎಂದು ಅಣ್ಣ. ಅಕ್ಷತೆ ಬೀಳುವ ಹೊತ್ತಿಗೆ ಮಾತು ಬಂದ್ ಆಯಿತು. ಆಮೇಲೆ ಬಂದ ದೀಪಾವಳಿಯಲ್ಲಿ ಒಂದೇ ಗೋಡೆಯ ಎರಡೂ ಕಡೆ ಬೇರೆ ಬೇರೆ ಪಣತಿ ಉರಿದವು.

ಓಣಿಯಲ್ಲಿ ಹುಟ್ಟಿದ ಒಂದು ನಾಯಿಮರಿಗೆ ಇದ್ಯಾವುದೂ ತಿಳಿಯಲಿಲ್ಲ. ಅದು ಬೆಳಿಗ್ಗೆ ಅಣ್ಣನ ಮನೆಗೆ ಹೋಯಿತು. ಅಲ್ಲಿ ಅದಕ್ಕೆ ಮೋತಿ ಎಂದು ಹೆಸರಿಟ್ಟು ಹಾಲಿನಲ್ಲಿ ರೊಟ್ಟಿ ಮುರಿದು ಹಾಕಿದರು. ಸಂಜೆ ತಮ್ಮನ ಮನೆಗೆ ಹೋಯಿತು. ಅಲ್ಲಿ ಶೇರು ಎಂದು ಹೆಸರಿಟ್ಟು ಬೆಲ್ಲ ಸವರಿದ ಚಪಾತಿ ಕೊಟ್ಟರು. ಅದು ಎರಡೂ ಹೆಸರಿಗೆ ಬಾಲ ಅಲ್ಲಾಡಿಸುತ್ತ, ಎರಡೂ ಮನೆಯ ಊಟ ಮಾಡುತ್ತ ಗುಂಡಗೆ ಬೆಳೆಯಿತು.

ಕಡೆಗೆ ಮೆಟ್ಟಿಲು ಹತ್ತುವಾಗ ಏದುಸಿರು ಬಿಡತೊಡಗಿದ ಮೇಲೆ ಅಣ್ಣ ಅದನ್ನು ದನದ ಡಾಕ್ಟರ ಹತ್ತಿರ ಕರೆದೊಯ್ದ. ಊಟ ಕಡಿಮೆ ಮಾಡಿ ಎಂದರು ಡಾಕ್ಟರು. ನಮ್ಮಲ್ಲಿ ಒಂದೇ ಹೊತ್ತು ಊಟ ಎಂದು ಅಣ್ಣ ಆಣೆ ಮಾಡಿ ಹೇಳಿದ. ಡಾಕ್ಟರು ನಾಯಿಯ ಹೊಟ್ಟೆ ಮುಟ್ಟಿ ನೋಡಿದರು, ಅಣ್ಣನ ಮುಖ ನೋಡಿದರು.

"ಹಂಗಾದ್ರ ಸಾವಕಾರ್ರ, ಇದು ಎಲ್ಲೋ ಇನ್ನೊಂದು ಸಂಸಾರ ಹೂಡ್ಯಾದ ನೋಡ್ರಿ."

ಶಾಲೆಯ ತಂಬು

ನಗಬೇಡಿ, ನನ್ನ ಪಾಡೂ ಆ ನಾಯಿಯದೇ ಆಗಿತ್ತು. ಹಬ್ಬಕ್ಕೆ ತವರಿಗೆ ಹೋದರೆ ಎರಡೂ ಮನೆಯಲ್ಲಿ ಉಣ್ಣಬೇಕು. ಒಂದು ಕಡೆ ಒಂದು ಹೋಳಿಗೆ ಹೆಚ್ಚು ತಿಂದರೆ ಇನ್ನೊಂದು ಕಡೆ ಮುಖ ಬಾಡುತ್ತದೆ. ಮುಂದೆ ಪಂಚಮಿ ಬರಲಿತ್ತು. ಈ ಸಲ ನನಗೆ ಒಂದೇ ತವರು ಬೇಕೆಂದು ಹಟ ಹುಟ್ಟಿತು.

ಶಾಲೆಯಲ್ಲಿ ಸ್ಕೌಟ್ ಮಕ್ಕಳ ಒಂದು ಹಳೆಯ ತಂಬು ಇತ್ತು. ಮಕ್ಕಳ ಶಿಬಿರಕ್ಕೆ ಮುಂಚೆ ಅದನ್ನೊಮ್ಮೆ ಹೊಡೆದು ನೋಡಬೇಕು, ಒಬ್ಬಳಿಗೇ ಆಗುವುದಿಲ್ಲ, ನಮ್ಮ ಹೊಲಕ್ಕೆ ಬಾ, ಒಂದು ರಾತ್ರಿ ಇದ್ದು ಬರೋಣ ಎಂದು ಅಣ್ಣನಿಗೆ ಫೋನು ಮಾಡಿದೆ. ಅದೇ ಮಾತನ್ನು ತಮ್ಮನಿಗೂ ಹೇಳಿದೆ. ಮತ್ತೊಬ್ಬರೂ ಬರುತ್ತಾರೆಂದು ಇಬ್ಬರಿಗೂ ಹೇಳಲಿಲ್ಲ. ಕಾವಲಿಗೆ ನಾಯಿ ತರುತ್ತೇನೆ ಎಂದು ಇಬ್ಬರೂ ಒಪ್ಪಿಕೊಂಡರು.

ಹೊಲ ಇರುವುದು ತುರೋರಿಯ ಆಚೆ, ಒಂದು ದಿಬ್ಬದ ಮೇಲೆ. ಕೆಳಗೆ ಸಣ್ಣ ಕೆರೆ. ಆ ದಿನ ಮಳೆ ಬೀಳುತ್ತಿತ್ತೆನ್ನುವುದಕ್ಕಿಂತ ಗಾಳಿಯಲ್ಲಿ ತೇಲುತ್ತಿತ್ತು ಎನ್ನಬೇಕು. ಸೋಯಾಬೀನಿನ ಹಸಿರು ಎಲ್ಲಿ ಮುಗಿದು ಮೋಡ ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಹೆದ್ದಾರಿಯ ಲಾರಿಗಳ ಹಾರ್ನು ಕೂಡ ಯಾರೋ ದೂರದಲ್ಲಿ ಕೊಳಲು ಕಲಿಯುತ್ತಿರುವ ಹಾಗೆ ಕೇಳುತ್ತಿತ್ತು.

ಅಣ್ಣ ಮೊದಲು ಬಂದ. ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿದ್ದ ಬುಟ್ಟಿಯಲ್ಲಿ ನಾಯಿ ಮದುಮಗನ ಹಾಗೆ ಕುಳಿತಿತ್ತು. ಎಷ್ಟೋ ಹೊತ್ತಿನ ಮೇಲೆ ತಮ್ಮ, ಗಾಡಿಯನ್ನು ದಿಬ್ಬದ ಕೆಳಗೆ ಬಿಟ್ಟು, ಮಂಡಿಯವರೆಗೆ ಕೆಸರು ಮಾಡಿಕೊಂಡು ಹತ್ತಿ ಬಂದ. ಶೇರು ಕಾಣೆಯಾಗಿದ್ದಾನೆ, ಓಣಿ ಓಣಿ ಹುಡುಕಿದೆ, ಬಸ್ ಸ್ಟ್ಯಾಂಡಿನಲ್ಲೂ ಕೇಳಿದೆ ಎನ್ನುವಾಗ ಅವನ ಕಣ್ಣು ತುಂಬಿದ್ದವು. ಅಷ್ಟರಲ್ಲಿ ಅಣ್ಣನ ಬೆನ್ನ ಹಿಂದಿನಿಂದ ಶೇರು ಬಾಲ ಅಲ್ಲಾಡಿಸುತ್ತ ಹೊರಗೆ ಬಂತು.

ಇಬ್ಬರೂ ನನ್ನನ್ನು ನೋಡಿದರು. ನಾನು ಮೋಡ ನೋಡಿದೆ. ಇಬ್ಬರೂ ತಿರುಗಿ ಹೊರಟೂಬಿಟ್ಟರು. ಆದರೆ ನಮ್ಮ ಕರಿ ಮಣ್ಣು ನೆನೆದರೆ ಯಾರನ್ನೂ ಸುಲಭಕ್ಕೆ ಬಿಡುವುದಿಲ್ಲ. ಎರಡೂ ಗಾಡಿಗಳ ಗಾಲಿ ಹೂತು ಹೋಗಿದ್ದವು. ಶಾಲೆಯಲ್ಲಿ ನಾನು ಇಷ್ಟು ವರ್ಷ ಶಿಸ್ತು ಕಲಿಸಿದ್ದೇನೆ, ಇಬ್ಬರು ಗಂಡಸರನ್ನು ಅಷ್ಟು ಗಟ್ಟಿಯಾಗಿ ಒಂದು ಕಡೆ ನಿಲ್ಲಿಸಿದ್ದು ಮಾತ್ರ ಆ ಮಣ್ಣೇ.

ಗೂಟ ಮತ್ತು ಹಗ್ಗ

ತಂಬು ಹೊಡೆಯಲು ಎರಡು ಕಡೆ ಇಬ್ಬರು ಬೇಕು. ಅವರು ಒಬ್ಬರಿಗೊಬ್ಬರು ಕೂಗಿ ಹೇಳಲೂ ಬೇಕು. ಇವರಿಗೆ ಮಾತಿಲ್ಲ. ನಾನು ನಡುವಿನ ಕೋಲು ಅಪ್ಪಿಕೊಂಡು ನಿಂತಿದ್ದೆ. ಅಣ್ಣ ನಾಯಿಯ ಕಡೆ ತಿರುಗಿದ.

"ಮೋತಿ, ಅವಗ ಹೇಳು, ಹಗ್ಗ ಬಿಗಿ ಹಿಡಿ ಅಂತ."

ನಾಯಿ ತಮ್ಮನ ಕಡೆ ನೋಡಿತು.

"ಶೇರು, ಅವರಿಗಿ ಹೇಳು, ನಾ ಹಿಡಿದೇ ನಿಂತೀನಿ, ಅವರ ಕಡಿ ಗೂಟೇ ನೆಟ್ಟಿಲ್ಲ ಅಂತ."

ನಾಯಿ ಅಣ್ಣನ ಕಡೆ ನೋಡಿತು. ಮಾತು ಬಿಟ್ಟ ಮೇಲೆ ತಮ್ಮನಿಗೆ ಅಣ್ಣನ ಮೇಲೆ ಗೌರವ ಹೆಚ್ಚಿದ್ದನ್ನೂ ನಾನು ಗಮನಿಸಿದೆ. ಮೊದಲು ಅಂವಾ ಎನ್ನುತ್ತಿದ್ದವನು ಈಗ ಅವರು ಎನ್ನುತ್ತಿದ್ದ. ಹೀಗೆ ಹಗ್ಗದ ಸುದ್ದಿ ಗೂಟಕ್ಕೆ, ಗೂಟದ ಸುದ್ದಿ ಹಗ್ಗಕ್ಕೆ ಹೋಗುತ್ತಿತ್ತು. ನಾಯಿಯ ಕುತ್ತಿಗೆ ಆ ಕಡೆ ಈ ಕಡೆ ತಿರುಗಿ ಸೋತಿತು. ಹಗ್ಗ ಎನ್ನುವ ಮಾತನ್ನು ಇಷ್ಟು ಸಲ ತನಗೇ ಹೇಳುತ್ತಿದ್ದಾರೆಂದರೆ ಕೆಲಸ ತನ್ನದೇ ಇರಬೇಕೆಂದು ಅದು ತಿಳಿದುಕೊಂಡಿತೋ ಏನೋ, ಹಗ್ಗವನ್ನು ಬಾಯಲ್ಲಿ ಕಚ್ಚಿ ಜೋರಾಗಿ ಎಳೆಯಿತು. ತಂಬು ನನ್ನ ಮೇಲೆ ಕುಸಿಯಿತು.

ಒದ್ದೆ ಬಟ್ಟೆಯೊಳಗಿಂದ ನಾನು ತಲೆ ಹೊರಗೆ ಹಾಕುವಾಗ ಪಕ್ಕದ ಹೊಲದ ಮುದುಕ ಬದುವಿನ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಬಹಳ ಮರ್ಯಾದೆಯಿಂದ ಕೇಳಿದ.

"ತಾಯಿ, ಸರ್ಕಸ್ ಸಂಜಿಗಿ ಅದನೋ, ಈಗೇ ಸುರು ಆಗ್ಯಾದೋ?"

ದೂತ ಮಲಗಿದಾಗ

ತಂಬು ಕೊನೆಗೂ ನಿಂತಿತು, ಸ್ವಲ್ಪ ಕುಡಿದವರ ಹಾಗೆ ಒಂದು ಕಡೆ ವಾಲಿಕೊಂಡು. ಒಳಗೆ ಕುಳಿತರೆ ಹಳೆಯ ಬಟ್ಟೆಯ ಮೂಲಕ ಬರುವ ಬೆಳಕು ಅರಿಸಿನ ಕದಡಿದ ನೀರಿನ ಹಾಗಿತ್ತು. ಎಲ್ಲರ ಮುಖವೂ ಅದರಲ್ಲಿ ಹತ್ತು ವರ್ಷ ಸಣ್ಣದಾಗಿ ಕಾಣುತ್ತಿತ್ತು. ಮಳೆ ತಲೆಯ ಮೇಲೆ ಮೆಲ್ಲಗೆ ಕಾಳು ಕೇರುತ್ತಿತ್ತು. ಅದನ್ನು ಕೇಳುತ್ತ ಕೇಳುತ್ತ ನನಗೆ ಇದು ಯಾವ ಊರು, ಯಾವ ವರ್ಷ ಎನ್ನುವುದೇ ಮಸುಕಾಯಿತು. ಕಣದಲ್ಲಿ ಜೋಳದ ರಾಶಿಯ ಮೇಲೆ ನಾವು ಮೂವರೂ ಸಾಲಾಗಿ ಮಲಗಿದ್ದೇವೆ, ಯಾರೋ ನಮ್ಮ ಮೇಲೆ ಕಂಬಳಿ ಎಳೆಯುತ್ತಿದ್ದಾರೆ, ಹಾಗೆ ಏನೋ.

ಮೂಗಿನ ತುದಿಗೆ ಹನಿ ಬಿದ್ದು ಎಚ್ಚರವಾಯಿತು. ತಂಬು ಸೋರುತ್ತಿತ್ತು. ಸೋರದೆ ಇದ್ದದ್ದು ನಟ್ಟನಡುವಿನ ಒಂದು ಜಾಗ ಮಾತ್ರ, ಅಲ್ಲಿ ಜಮಖಾನೆಯ ಮೇಲೆ ನಾಯಿ ನಾಲ್ಕೂ ಕಾಲು ಚಾಚಿ ಮಲಗಿತ್ತು. ನಾವು ಮೂವರು ಅದರ ಸುತ್ತ ಮೊಣಕಾಲು ಮಡಚಿ, ಅರ್ಧ ಬೆನ್ನು ಮಳೆಗೆ ಕೊಟ್ಟು ಕುಳಿತಿದ್ದೆವು. ಅದನ್ನು ಸರಿಸೋಣ ಎಂದೆ. ಪಾಪ, ಈಗ ಕಣ್ಣು ಹತ್ತ್ಯಾವ ಎಂದು ಇಬ್ಬರೂ ಒಂದೇ ದನಿಯಲ್ಲಿ ಪಿಸುಗುಟ್ಟಿದರು. ಒಂದೇ ದನಿ ಬಂದದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಚಹಾ ಮಾಡಬೇಕಿತ್ತು. ಸ್ಟೋವು ಅಣ್ಣನ ಮುಂದಿತ್ತು, ಕಡ್ಡಿಪೆಟ್ಟಿಗೆ ತಮ್ಮನ ಅಂಗಿಯ ಕಿಸೆಯಲ್ಲಿ. ಅಣ್ಣ ಕಿಸೆ ನೋಡಿದ, ನಾಯಿ ನೋಡಿದ. ತಮ್ಮ ಸ್ಟೋವು ನೋಡಿದ, ನಾಯಿ ನೋಡಿದ. ನಾನೂ ಬಾಯಿ ಬಿಡಲಿಲ್ಲ, ಏನಾಗುತ್ತದೋ ನೋಡೋಣ ಎಂದು. ಹೊರಗೆ ಕೆರೆಯ ಮೇಲೆ ಒಂದು ಬೆಳ್ಳಕ್ಕಿ ನಿಧಾನವಾಗಿ ಹಾದು ಹೋಯಿತು.

ಆ ಸಂಜೆ ನಮಗೆ ಚಹಾ ಸಿಕ್ಕಿದ್ದು ನಾಯಿ ತನ್ನ ನಿದ್ದೆ ಪೂರಾ ಮುಗಿಸಿ, ಆಕಳಿಸಿ, ಮೈ ಮುರಿದು ಎದ್ದ ಮೇಲೆಯೇ. ಸಂದೇಶ ಹೊತ್ತು ಹೋಗುವವನೇ ಮಲಗಿದರೆ ಇನ್ನೇನಾಗುತ್ತದೆ?

ಮಂಜಿನಲ್ಲಿ

ರಾತ್ರಿಯೆಲ್ಲ ಮಳೆ ಬಂದು, ಬೆಳಗಾಗುವಾಗ ನಿಂತಿತು. ಎದ್ದು ನೋಡಿದರೆ ಹೊಲವಿಲ್ಲ, ಕೆರೆಯಿಲ್ಲ, ದಿಬ್ಬವಿಲ್ಲ. ಎಲ್ಲವನ್ನೂ ಮಂಜು ನುಂಗಿತ್ತು. ಹತ್ತು ಹೆಜ್ಜೆ ಆಚೆ ಏನೂ ಕಾಣುತ್ತಿರಲಿಲ್ಲ. ನಾಯಿಯೂ ಕಾಣಲಿಲ್ಲ.

ಕೆರೆ ತುಂಬಿತ್ತು. ಈಜು ಬಾರದ ಗುಂಡು ನಾಯಿ.  ರಾತ್ರಿ ಮಳೆಗೆಂದು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡಿದ್ದ ಗೋಣಿ ಚೀಲವನ್ನು ತೆಗೆಯದೆಯೇ ತಮ್ಮ ಎಡಕ್ಕೆ ಓಡಿದ. ಅಣ್ಣ ಮಸುಕಾದ ಕನ್ನಡಕ ಒರೆಸುತ್ತ ಬಲಕ್ಕೆ ಓಡಿದ. ಬಲಗಡೆಯಿಂದ ಮೋತೀ, ಎಡಗಡೆಯಿಂದ ಶೇರೂ ಎಂದು ಕೂಗು ಕೇಳುತ್ತಿತ್ತು. ಮಂಜಿನಲ್ಲಿ ಎರಡೂ ಹೆಸರು ಒಂದರೊಳಗೊಂದು ಬೆರೆತು, ಇಲ್ಲದ ಯಾರನ್ನೋ ಕರೆದ ಹಾಗಿತ್ತು. ಆಮೇಲೆ ಎರಡೂ ದನಿ ನಿಂತವು.

ನನಗೆ ಹೆದರಿಕೆಯಾಗಿ ಬದುವಿನ ಗುಂಟ ನಡೆದೆ. ನಾಲ್ಕು ಮಾರಿನಾಚೆ ತಮ್ಮ ಕಂಡ. ಕೆಸರಿನಲ್ಲಿ ಹೂತ ಚಪ್ಪಲಿ ಕೀಳಲು ನಾಲ್ಕು ಕಾಲಿನ ಮೇಲೆ ಬಾಗಿದ್ದ. ಬೆನ್ನ ಮೇಲೆ ಒದ್ದೆ ಗೋಣಿ ಚೀಲ. ನಮ್ಮ ನಾಯಿಯ ಬಣ್ಣವೂ ಥೇಟ್ ಅದೇ. ನಾನು ಕರೆಯುವಷ್ಟರಲ್ಲಿ ಆ ಕಡೆಯ ಮಂಜಿನಿಂದ ಅಣ್ಣ ಹೊರಬಿದ್ದ. ಒಂದು ಕ್ಷಣ ನಿಂತು ನೋಡಿದ. ಓಡಿ ಬಂದು, ಕೆಸರಿನಲ್ಲೇ ಮೊಣಕಾಲೂರಿ, ಹಿಂದಿನಿಂದ ಅವನನ್ನು ಬಿಗಿಯಾಗಿ ತಬ್ಬಿಕೊಂಡ.

"ಎಲ್ಲಿ ಹೋಗಿದ್ದಿಯೋ ಮಗನಾ," ಎನ್ನುವಾಗ ಅವನ ದನಿ ಒಡೆದಿತ್ತು. "ನೀ ಇಲ್ಲಂದ್ರ ಮನ್ಯಾಗ ನನಗ ತುತ್ತು ಇಳಿಯಂಗಿಲ್ಲ."

ತಮ್ಮ ಅಲುಗಾಡಲಿಲ್ಲ. ಗೋಣಿ ಚೀಲದೊಳಗಿಂದ ಮಾತು ಬಂತು.

"ನನಗೂ ಇಳಿಯಂಗಿಲ್ಲ, ಅಣ್ಣಾ."

ಅಣ್ಣನ ಮುಖ ನನಗೆ ಎದುರಿಗಿತ್ತು. ನಾಯಿ ಮಾತಾಡಿತೆಂದು ಮೊದಲು ಬೆಚ್ಚಿದ. ಆಮೇಲೆ ಯಾರೆಂದು ತಿಳಿದು ಇನ್ನೂ ಬೆಚ್ಚಿದ. ಆದರೆ ತಬ್ಬಿದ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಬಿಡಿಸಿಕೊಳ್ಳಲು ತಮ್ಮನೂ ಬಿಡುತ್ತಿರಲಿಲ್ಲ, ಆಗಲೇ ಅವನು ತಿರುಗಿ ಅಣ್ಣನ ಹೆಗಲಿಗೆ ಮುಖ ಒತ್ತಿ ಅಳುತ್ತಿದ್ದ. ಲಗ್ನಪತ್ರಿಕೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ. ಮಂಜು ಅವರ ಸುತ್ತ ಹಾಲಿನ ಹಾಗೆ ನಿಂತಿತ್ತು. ನಾನೂ ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ನಾಯಿ ಸಿಕ್ಕಿದ್ದು ಪಕ್ಕದ ಹೊಲದ ಮುದುಕನ ಗುಡಿಸಲಿನಲ್ಲಿ. ಒಲೆಯ ಮುಂದೆ ಕುಳಿತು ಬಿಸಿ ರೊಟ್ಟಿ ತಿನ್ನುತ್ತಿತ್ತು. ಈ ಪಾವಣ್ಯಾ ಯಾವ ಊರಿನವ ರೀ ಎಂದು ಮುದುಕ ಆ ಅತಿಥಿಯನ್ನು ತೋರಿಸಿ ಕೇಳಿದ. ಅವನ ಎತ್ತುಗಳೇ ನಮ್ಮ ಗಾಡಿಗಳನ್ನು ಕೆಸರಿನಿಂದ ಎಳೆದವು.

ತಂಬು ಮಡಚುವಾಗ ಅಣ್ಣ ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದ. ತಾನು ತಬ್ಬಿಕೊಂಡದ್ದು ನಾಯಿಯೆಂದು ತಿಳಿದೇ, ಆದರೆ ತಮ್ಮನಿಗೆ ಇದು ಎಂದೂ ಗೊತ್ತಾಗಬಾರದು, ಗೊತ್ತಾದರೆ ಅವನ ಮನಸ್ಸು ಮುರಿಯುತ್ತದೆ ಎಂದು ನನ್ನ ಕೈ ಹಿಡಿದು ಬೇಡಿಕೊಂಡ. ಹೇಳುವುದಿಲ್ಲ ಎಂದೆ.

ಅಣ್ಣ ಗಾಡಿ ತೊಳೆಯಲು ಕೆರೆಯ ಕಡೆ ಇಳಿದ ಮೇಲೆ ತಮ್ಮ ಹತ್ತಿರ ಬಂದು ನಿಂತ. ಹಗ್ಗ ಸುತ್ತುತ್ತ, ನನ್ನ ಮುಖ ನೋಡದೆ ಹೇಳಿದ.

"ಅಕ್ಕಾ, ಅಣ್ಣ ನಾಯಿ ಅಂತ ತಿಳಿದು ನನ್ನ ಹಿಡ್ಕೊಂಡಿದ್ದ. ತಬ್ಕೊಂಡಾಗ ಕಿವಿ ಹಿಂದ ಕೆರೀಲಕತ್ತಿದ್ದ. ಅವಗ ಹೇಳಬ್ಯಾಡ, ಪಾಪ, ಬ್ಯಾಸರ ಮಾಡ್ಕೋತಾನ."