ಪರದೆಯಿಲ್ಲದ ಹೋಟೆಲೂ ಅತ್ತೆಯ ಸ್ನಾನವೂ

ಈದ್ ರಜೆ ಬಂತೆಂದರೆ ನಮ್ಮ ಆಫೀಸಿನವರೆಲ್ಲ ಜಾರ್ಜಿಯಾಕ್ಕೋ ಬಾಕುವಿಗೋ ಹೊರಡುತ್ತಾರೆ. ಈ ಸಲ ನಾನು ಕೋಪನ್‌ಹೇಗನ್ ಎಂದು ಘೋಷಿಸಿದೆ. ಅದೂ ಮಾಮೂಲಿ ಹೋಟೆಲಲ್ಲ, ಡಿಸೈನ್ ಹೋಟೆಲು! ಕೊಲ್ಲಿ ದೇಶದ ಅಲ್ ವಕ್ರಾದ ನಮ್ಮ ಫ್ಲ್ಯಾಟಿನಲ್ಲಿ ಬಿಸಿಲಿಗೆ ಹೆದರಿ ಪರದೆಯ ಮೇಲೆ ಪರದೆ ಎಳೆದುಕೊಂಡು, ಹಗಲಿನಲ್ಲೂ ಲೈಟು ಹಾಕಿಕೊಂಡು ಬದುಕುವ ನನ್ನ ಕಣ್ಣಿಗೆ ಒಂದು ಫೋಟೋ ಬಿದ್ದಿತ್ತು. ನೆಲದಿಂದ ಸೂರಿನವರೆಗೆ ಗಾಜಿನ ಕಿಟಕಿ, ಪರದೆಯೇ ಇಲ್ಲ, ಕೋಣೆಯ ತುಂಬ ತಂಪು ಬೆಳಕು. ಅಲ್ಲಿಗೆ ನನ್ನ ಬುದ್ಧಿ ಖಲಾಸ್.

"ಅಮ್ಮನೂ ಬರ್ತಾರೆ, ಸ್ವಲ್ಪ ನೋಡಿ ಬುಕ್ ಮಾಡ್ರಿ," ಎಂದಳು ಹೆಂಡತಿ ಸುಧಾ. ಮೈಸೂರು ಬಿಟ್ಟು ನಮ್ಮ ಜೊತೆಗೇ ಇರುವ ಅತ್ತೆಯವರ ವಿಷಯ.

"ಟೇಸ್ಟ್ ಅನ್ನೋದು ಒಂದಿರುತ್ತೆ ಸುಧಾ. ನನಗೆ ಬಿಡು," ಎಂದೆ. ಬಿಟ್ಟಳು.

ಮೂವರಿಗೂ ಸೇರಿ ಒಂದೇ ದೊಡ್ಡ ಕೋಣೆ. ಬಾಗಿಲು ತೆರೆದ ಕೂಡಲೇ "ವಾಹ್!" ಎಂದೆ. ಇನ್ಯಾರೂ ಅನ್ನಲಿಲ್ಲ. ಕೋಣೆಯ ನಟ್ಟನಡುವೆ ಗಾಜಿನ ಪೆಟ್ಟಿಗೆಯೊಂದು ನಿಂತಿತ್ತು.

"ಇದೇನ್ರೀ, ಲಿಫ್ಟಾ?" ಎಂದಳು ಸುಧಾ.

"ಬಾತ್‌ರೂಮು," ಎಂದೆ, ಮೆಲ್ಲಗೆ.

ಟಾಯ್ಲೆಟ್ಟಿಗೆ ಬೇರೆ ಬಾಗಿಲಿತ್ತು, ಅಷ್ಟರ ಮಟ್ಟಿಗೆ ದೇವರು ದೊಡ್ಡವನು. ಆದರೆ ನಮ್ಮತ್ತೆ ಸ್ನಾನವಾಗದೆ ಒಂದು ತೊಟ್ಟು ಕಾಫಿಯನ್ನೂ ಬಾಯಿಗೆ ಹಾಕುವವರಲ್ಲ. ಸಕ್ಕರೆ ಕಾಯಿಲೆ ಬೇರೆ, ತಿಂಡಿಯ ಹೊತ್ತು ಮೀರಿದರೆ ತಲೆ ಸುತ್ತುತ್ತದೆ. ಬೆಳಗ್ಗೆ ರಿಸೆಪ್ಷನ್ನಿಗೆ ಫೋನು ಮಾಡಿ ಪರದೆ ಕೇಳಿದೆ. "ಬೆಳಕೇ ನಮ್ಮ ಅಲಂಕಾರ ಸರ್," ಎಂದಳು ಆ ಹುಡುಗಿ ಹೆಮ್ಮೆಯಿಂದ. ಕಿಟಕಿಯಾಚೆ ಬಸ್ ಸ್ಟಾಪು. ಅಲ್ಲಿ ಅರ್ಧ ಊರೇ ನಿಂತಿತ್ತು!

"ಅಮ್ಮನ ಕೈ ನಡುಗ್ತಿದೆ. ಟೇಸ್ಟ್ ಇರೋರು ಏನಾದ್ರೂ ಮಾಡಿ," ಎಂದಳು ಸುಧಾ.

ನನಗೂ ಭಯವಾಯಿತು. ಹಾಸಿಗೆಯ ಬಿಳಿ ಹೊದಿಕೆ ಎಳೆದುಕೊಂಡು, ಕಿಟಕಿಗೆ ಮುಖಮಾಡಿ, ಎರಡೂ ಕೈ ಮೇಲೆತ್ತಿ ಅದನ್ನು ಬೆನ್ನ ಹಿಂದೆ ಹರವಿ ನಿಂತೆ. ಅತ್ತೆಗೆ ಮರೆಯಾಯಿತು. ಊರಿಗೆ ಬನಿಯನ್ನು-ಪಂಚೆಯ ನಾನು ಪ್ರದರ್ಶನಕ್ಕೆ ಸಿಕ್ಕಿದೆ.

ಬಸ್ಸಿಗೆ ಕಾದಿದ್ದ ಒಬ್ಬಾಕೆ ಕೈಬೀಸಿದಳು. ನನ್ನ ಕೈ ಖಾಲಿ ಇಲ್ಲದ್ದರಿಂದ ತಲೆಯಾಡಿಸಿದೆ. ಅಷ್ಟರಲ್ಲಿ ಪಂಚೆ ಸಡಿಲವಾಯಿತು. ಅತ್ತೆಯ ಮಾನವೋ, ನನ್ನದೋ? ಮಂಡಿಗಳನ್ನು ಒತ್ತಿ ಪಂಚೆ ಹಿಡಿದುಕೊಂಡೆ. ಬಸ್ಸು ಬಂತು. ಯಾರೂ ಹತ್ತಲಿಲ್ಲ!

"ಆಯ್ತಾ?" ಎಂದು ಕೂಗಿದೆ.

"ಈಗ ಬಿಸಿನೀರು ಬರ್ತಿದೆ, ತಡೀರಿ," ಎಂದಳು ಸುಧಾ.

ಅಂತೂ ಸ್ನಾನ ಮುಗಿಯಿತು. ಕೆಳಗೆ ತಿಂಡಿಗೆ ಕೂತು ಅತ್ತೆ ಬ್ರೆಡ್ಡು ತಿಂದು, ಕಾಫಿ ಕುಡಿದು, ಅವರ ಮುಖಕ್ಕೆ ಕಳೆ ಬಂದ ಮೇಲೆ ನನಗೂ ಹೋದ ಜೀವ ಬಂದಂತಾಯಿತು.

"ಹೋಟ್ಲು ಚೆನ್ನಾಗೇ ಇದೆ ಅಳಿಯಂದ್ರೇ," ಎಂದರು.

ಕೊನೆಗೂ ನನ್ನ ಟೇಸ್ಟಿಗೆ ಒಂದು ವೋಟು! ಸುಧಾಳತ್ತ ಗೆದ್ದವನಂತೆ ನೋಡಿದೆ.

"ನಾಳೆ ಶುಕ್ರವಾರ," ಅತ್ತೆ ಮುಂದುವರಿಸಿದರು. "ಎಣ್ಣೆ ಸ್ನಾನ. ಸೀಗೆಪುಡಿ ತಂದಿದೀನಿ. ಸ್ವಲ್ಪ ಹೊತ್ತು ಹಿಡಿಯುತ್ತೆ."

ಕಾಫಿ ಲೋಟ ಎತ್ತಲು ಹೋದೆ. ತೋಳು ಮೇಲೇಳಲಿಲ್ಲ.