ನೀಲಿ ಇದೆ, ಬಿಳಿ ಇದೆ, ಹಸಿರೊಂದಿಲ್ಲ

ನನ್ನ ಹೆಂಡತಿ ದೀಪಾ ಕಣ್ಣು ಮುಚ್ಚಿ ಮುಟ್ಟಿಯೇ ಇದು ಯಾವ ಮೀನು ಅಂತ ಹೇಳಬಲ್ಲಳು. ಆದರೆ ನೀಲಿ ಡಯಲ್ಲಿನ ವಾಚಿಗೂ ಬಿಳಿ ಡಯಲ್ಲಿನ ವಾಚಿಗೂ ಏನು ವ್ಯತ್ಯಾಸ ಅಂತ ಕೇಳಿ ನೋಡಿ. "ಎರಡೂ ಹೊತ್ತೇ ತೋರಿಸ್ತದಲ್ಲ!" ಅಂತಾಳೆ. ಇಂಥವಳ ಜೊತೆ ನನ್ನ ಸಂಸಾರ.

ನನ್ನ ವಾಚು ಅಂತಿಂಥದ್ದಲ್ಲ, ಸ್ವಿಟ್ಜರ್ಲೆಂಡ್ ದೇಶದ್ದು. ಯಾವ ತಿಂಗಳಿಗೆ ಮೂವತ್ತು, ಯಾವುದಕ್ಕೆ ಮೂವತ್ತೊಂದು ಅಂತ ಅದಕ್ಕೇ ಗೊತ್ತು. ಫೆಬ್ರವರಿ ಮುಗಿದಾಗ ಮಾತ್ರ ವರ್ಷಕ್ಕೊಮ್ಮೆ ಕಿವಿ ಹಿಂಡಬೇಕು. ಗುಂಡಿ ಒತ್ತಿದರೆ ಓಟದ ಪಂದ್ಯದ ಹೊತ್ತನ್ನೂ ಅಳೆಯುತ್ತದೆ. (ನಾನು ಕೊನೆಯ ಸಲ ಓಡಿದ್ದು ಯಾವಾಗ ಅಂತ ಕೇಳಬೇಡಿ.) ಇದೇ ವಾಚು ಮೂರು ಬಣ್ಣದಲ್ಲಿ ಬರುತ್ತದೆ. ನೀಲಿ, ಬಿಳಿ ನನ್ನಲ್ಲಿವೆ. ಹಸಿರು ಭಟ್ಕಳ ಪೇಟೆಯ ಅಂಗಡಿಯಲ್ಲಿ ಕೂತಿದೆ. ಅದು ಕೈಸೇರುವವರೆಗೆ ನನಗೆ ನಿದ್ದೆಯಿಲ್ಲ, ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ.

ತೊಂದರೆ ಒಂದೇ. ಅದಕ್ಕೆ ಸೆಲ್ಲಿಲ್ಲ, ಅಲುಗಾಡುತ್ತಿದ್ದರೆ ತಾನೇ ಕೀ ಕೊಟ್ಟುಕೊಳ್ಳುತ್ತದೆ, ಸುಮ್ಮನಿಟ್ಟರೆ ನಿಲ್ಲುತ್ತದೆ. ನಿಂತರೆ ವಾರ, ತಾರೀಖು, ತಿಂಗಳು ಎಲ್ಲ ಹೊಂದಿಸುವಷ್ಟರಲ್ಲಿ ತಲೆ ಚಿಟ್ಟು ಹಿಡಿಯುತ್ತದೆ. ಹಾಗಾಗಿ ತೆಂಗಿನಗುಂಡಿ ಬಂದರಿನಲ್ಲಿ ಕಟ್ಟಿದ್ದ ನಮ್ಮ ಬೋಟಿನ ಕ್ಯಾಬಿನ್ನಿನಲ್ಲಿ ಎರಡನ್ನೂ ನೇತುಹಾಕಿದ್ದೆ. ಅಲೆ ತೂಗುತ್ತಿತ್ತು, ವಾಚು ಓಡುತ್ತಿತ್ತು. ಜೂನ್ ಬಂತು, ಮಳೆಗಾಲಕ್ಕೆ ಮೀನುಗಾರಿಕೆ ಬಂದ್ ಆಯಿತು, ಬೋಟು ದಡ ಹತ್ತಿತು. ನನ್ನ ವಾಚುಗಳು ಅನಾಥವಾದವು.

"ನಿನ್ನ ಕೈಗೆ ಶೋಭೆ, ಮಾರಾಯ್ತಿ," ಅಂತ ಬಿಳಿಯದನ್ನು ದೀಪಾಳಿಗೆ ಕಟ್ಟಿದೆ.

"ಎಂತ ಇವತ್ತು ಇಷ್ಟು ಪ್ರೀತಿ? ಹಸಿರು ವಾಚು ತಕಂಬೂಕಾ?"

(ಕಿವಿರು ನೋಡಿ ಮೀನು ಕೊಳ್ಳುವವಳು ಗಂಡನ ಮುಖ ಬಿಡುತ್ತಾಳೆಯೇ?)

"ಆತು," ಅಂದಳು. "ನೀಲಿ ನೀವು ಕಟ್ಕಣಿ. ಭಾನುವಾರದವರೆಗೆ ಎರಡೂ ಓಡ್ತಾ ಇದ್ರೆ ಹಸಿರು ತಕಣಿ. ಯಾರ ಕೈಲಿ ನಿಂತ್ತೋ, ಅವ್ರು ಇನ್ನೊಬ್ರು ಹೇಳ್ದಂಗೆ ಕೇಳ್ಬೇಕು."

ಹಸಿರು ವಾಚು ಸಿಕ್ಕೇ ಬಿಟ್ಟಿತು ಅಂದುಕೊಂಡೆ. ನೀಲಿಯ ಗಾಜಿಗೆ ಗೀರು ಬೀಳದಂತೆ ಆರಾಮಕುರ್ಚಿಯಲ್ಲಿ ಕೂತು, ಕೈಯನ್ನು ದಿಂಬಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡಿದು ಹಸಿರಿನ ಫೋಟೋ ನೋಡುತ್ತ ಚಡಪಡಿಸಿದೆ. ಊಟವೂ ಅಲ್ಲಿಗೇ ಬಂತು. ಅತ್ತ ದೀಪಾ ಬಾವಿಯಿಂದ ನೀರು ಸೇದಿದಳು, ಮಸಾಲೆ ಅರೆದಳು, ಬಂಗುಡೆ ಹೆಚ್ಚಿದಳು.

"ಅಯ್ಯೋ, ಗಾಜು ಗೀಚ್ತದೆ!"

"ಗೀಚ್ಲಿ. ಸಾರು ಬೇಡ್ವಾ ನಿಮ್ಗೆ?"

ಆ ಕೆಲಸದ ಪೆಟ್ಟಿಗೆ ಬಿಳಿ ಸತ್ತು, ನನ್ನ ಹಸಿರು ತಪ್ಪುತ್ತದೆಂದು ಕುರ್ಚಿಯಿಂದಲೇ ಕೂಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ತಲೆ ಬಾಚಿ, ಪೇಟೆಗೆ ಹೊರಡುವ ಅಂಗಿ ತೊಟ್ಟೆ. ದೀಪಾ ಕೈ ಚಾಚಿದಳು. ಗಾಜಿಗೆ ಮೀನಿನ ಪರೆ ಅಂಟಿತ್ತು, ಮುಳ್ಳು ಟಿಕ್ ಟಿಕ್ ಓಡುತ್ತಿತ್ತು. ಅಬ್ಬ, ಬದುಕಿದೆ!

"ನಿಮ್ದು ತೋರ್ಸಿ," ಅಂದಳು. ನೋಡಿದಳು. "ಎಂತ್ರೀ, ನಿಮ್ಗಿನ್ನೂ ಶುಕ್ರವಾರವೇ?"

ಕುಲುಕಿದೆ, ಕಿವಿಗಿಟ್ಟೆ. "ಯಂತ್ರ ಕೆಟ್ಟಿದೆ!" ಅಂತ ಕೂಗಿದೆ.

"ಯಂತ್ರಕ್ಕೆ ಎಂತಾ ಆಗ್ಲಿಲ್ಲ. ಕೈಗೇ ಆಗಿದ್ದು," ಅಂತ ಅವಳು ಕಾಯಿ ತುರಿಯುವ ಹೆರೆಮಣೆಯನ್ನೂ ತೆಂಗಿನ ಹೋಳನ್ನೂ ಮುಂದಿಟ್ಟಳು. ಬಿಳಿ ವಾಚಿನ ಗುಂಡಿ ಒತ್ತಿದಳು. ಓಟದ ಮುಳ್ಳು ಮೊದಲ ಸಲ ನನಗಾಗಿ ಓಡಿತು. "ಹೂಂ, ಹೆರೀರಿ. ನೋಡುವ, ಎಷ್ಟು ಹೊತ್ತು ಬೇಕು ಅಂತ."

ಆವತ್ತಿನಿಂದ ನೀಲಿ ವಾಚು ನಿಂತಿಲ್ಲ. ಮನೆಯ ಕಾಯಿಯೆಲ್ಲ ಹೆರೆಯುವವನು ನಾನೇ. ಮೊನ್ನೆ ದೀಪಾಳೇ, "ಹಸಿರುದೂ ತಕಂಬನ್ನಿ, ಇನ್ನೊಂದು ಕೈ ಖಾಲಿ ಉಂಟಲ್ಲ, ಮಸಾಲೆ ಅರೀಬಹುದು," ಅಂದಳು. ಆಮೇಲೆ ಆ ಅಂಗಡಿಯ ಬೀದಿಗೆ ನಾನು ಕಾಲಿಟ್ಟಿಲ್ಲ.