ಕೆನೆಬಣ್ಣದ ಸೀರೆಗೆ ಬಿದ್ದ ತಾಂಬೂಲ

ಕೋಪ ಒಳ್ಳೆಯದಲ್ಲ ಎಂದು ಉಪದೇಶ ಮಾಡುವವರ ಬಟ್ಟೆಯನ್ನು ನಾನು ಗಮನಿಸಿದ್ದೇನೆ. ಹೆಚ್ಚಾಗಿ ಅದು ಕಂದು ಬಣ್ಣದ್ದು. ಎಲೆಯಡಿಕೆಯ ರಸ ಬಿದ್ದರೂ ಗೊತ್ತಾಗದಂಥ ಬಟ್ಟೆ ತೊಟ್ಟವರಿಗೆ ಶಾಂತಿ ಸುಲಭ. ಕೆನೆಬಣ್ಣದ ಸೀರೆ ಉಡುವವರ ಸಂಕಟ ಅವರಿಗೇನು ಗೊತ್ತು?

ನನಗೆ ಮೊದಲ ಸಲ ರೇಡಿಯೋದಲ್ಲಿ ಹಾಡುವ ಅವಕಾಶ ಬಂದಾಗ ನಾವು ಕೃಷ್ಣಮೂರ್ತಿಪುರಂನ ಒಂದು ವಠಾರದಲ್ಲಿದ್ದೆವು. ಮದುವೆಯಾದಂದಿನಿಂದ ನನ್ನ ಸಂಗೀತ ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ಜೊತೆಗೇ ಕಾಲ ಹಾಕುತ್ತಿತ್ತು. ಆ ಸಂಜೆಗೆಂದೇ ಅಮ್ಮ ಕೊಟ್ಟಿದ್ದ ಕೆನೆಬಣ್ಣದ ನೂಲಿನ ಸೀರೆಗೆ ಇಸ್ತ್ರಿ ಹಾಕಿ ಮಂಚದ ಮೇಲೆ ಹರಡಿದ್ದೆ. ಅಂದು ಬೆಳಗ್ಗೆ ಮಂಡಿ ಮೊಹಲ್ಲಾದಿಂದ ನಮ್ಮವರ ಸೋದರಮಾವ ಬಂದರು, ಬಾಯಿ ತುಂಬ ತಾಂಬೂಲ ಹಾಕಿಕೊಂಡು. ತಾವೇ ಒಂದು ತಮಾಷೆ ಹೇಳಿ, ನಾವು ನಗುವ ಮೊದಲೇ ತಾವೇ ನಕ್ಕರು. ಆ ನಗು ನೇರವಾಗಿ ನನ್ನ ಸೆರಗಿನ ಮೇಲೆ ಬಿತ್ತು.

"ಅಯ್ಯೋ, ತಡ್ಕೊಳ್ಳಕ್ಕಾಗ್ಲಿಲ್ಲ ಕಣಮ್ಮ" ಎಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಸಹಿಸುತ್ತಿದ್ದೆನೋ ಏನೋ. "ಇಂಥ ಬಣ್ಣದ ಸೀರೇನ ಎಲ್ಲೆಂದ್ರಲ್ಲಿ ಹಾಕ್ಬಾರ್ದು" ಎಂದು ಬುದ್ಧಿಯನ್ನೂ ಹೇಳಿದರು. ನನ್ನ ಮನೆಯ ಮಂಚ ಎಲ್ಲೆಂದರಲ್ಲಿ ಆದದ್ದು ಯಾವಾಗ?

ನಾನು ನಿಂಬೆಹಣ್ಣು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ನಮ್ಮವರು "ಬಿಸಿನೀರಿಗೆ ಹೋಗದ ಕಲೆ ಇಲ್ಲ ಕಣೆ" ಎನ್ನುತ್ತ ಸೀರೆಯನ್ನು ಬಚ್ಚಲಿಗೆ ಒಯ್ದು ಹಂಡೆಯಿಂದ ಕುದಿಯುವ ನೀರು ಮೊಗೆದು ಸೆರಗಿನ ಮೇಲೆ ಸುರಿದೇಬಿಟ್ಟಿದ್ದರು. ಅಲ್ಲಿಯವರೆಗೆ ಬಟ್ಟೆಯ ಮೇಲೆ ನೆಂಟನಂತೆ ಕೂತಿದ್ದ ಕಲೆ ಈಗ ಯಜಮಾನನಂತೆ ಒಳಗೆ ನೆಲೆಯೂರಿತು. ನಿಂಬೆಹಣ್ಣು, ಉಪ್ಪು ಹಾಕಿ ಉಜ್ಜಿದೆ. ಕೆಂಪು ಹೋಗಿ ಕಂದಾಯಿತು, ಕೈಯೆಲ್ಲ ಉರಿ. ಮಾವ ಕೂತಲ್ಲಿಂದಲೇ "ಒಂಚೂರು ಸುಣ್ಣ ಹಚ್ಚಿ ನೋಡಮ್ಮ" ಎಂದರು. "ಎಲೆ, ಅಡಿಕೆನೂ ಇಟ್ಬಿಡ್ಲಾ ಮಾವ?" ಎಂದೇಬಿಟ್ಟೆ. ನಮ್ಮವರು ರಾಜಿ ಮಾಡಿಸಲು ಬಂದರು: "ಹೋಗ್ಲಿ ಬಿಡೆ, ರೇಡಿಯೋದಲ್ಲಿ ಸೀರೆ ಯಾರಿಗೆ ಕಾಣ್ಸತ್ತೆ?"

"ನನಗೆ ಕಾಣ್ಸತ್ತೆ ಕಣ್ರೀ!"

ಈ ಕೂಗಿಗೆ ಪಕ್ಕದ ಮನೆಯ ಪುಟ್ಟಮ್ಮ ಸೌಟು ಹಿಡಿದೇ ಓಡಿಬಂದಳು. ನಿಜ ಹೇಳಬೇಕೆಂದರೆ ನನಗೆ ಅಳು ಬಂದಿತ್ತು. ಇಷ್ಟು ವರ್ಷ ಕಾದು ಬಂದ ಒಂದು ಸಂಜೆಯ ಮೇಲೆ ಯಾರೋ ಉಗುಳಿದ್ದರು, ಉಳಿದವರೆಲ್ಲ ಅದಕ್ಕೆ ಸಲಹೆ ಕೊಡುತ್ತಿದ್ದರು.

"ಗಟ್ಟಿ ಮೊಸರಾಕಿ ನೆನೆಸ್ಬುಡಿ ಕಣಮ್ಮ. ಅಲ್ಲಾ, ಬಿಸಿನೀರು ಸುರ್ದಿದ್ಯಾರು?" ಎಂದಳು ಪುಟ್ಟಮ್ಮ. ನಮ್ಮವರು ಸೂರಿನ ಜಂತೆಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಎಲ್ಲರನ್ನೂ ಬೈಯುತ್ತಲೇ ಮೊಸರಿನಲ್ಲಿ ನೆನೆಸಿ, ತಣ್ಣೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹರವಿದ ಮೇಲೆ ಕಲೆ ತೆಳ್ಳಗಾಯಿತು. ಉಳಿದದ್ದನ್ನು ಸೆರಗಿನ ಮಡಿಕೆಯೊಳಗೆ ಅಡಗಿಸಿ ಉಟ್ಟೆ. ವಾಸನೆಯನ್ನು ಮಾತ್ರ ಯಾವ ಮಡಿಕೆಯಲ್ಲೂ ಅಡಗಿಸಲಾಗಲಿಲ್ಲ. ಟಾಂಗಾದಲ್ಲಿ ನಮ್ಮವರು ಅಂಚಿಗೆ ಸರಿದು ಕೂತರು. ಸ್ಟುಡಿಯೋದಲ್ಲಿ ಮೃದಂಗದವರು ಮೂಗರಳಿಸಿ, "ಇಲ್ಲೆಲ್ಲೋ ಹುಳಿಮೊಸರಿನ ವಾಸನೆ ಬರ್ತಿಲ್ವೇ?" ಎಂದರು. ಉತ್ತರಿಸಲು ಬಾಯಿ ತೆರೆದಾಗಲೇ ತಿಳಿದದ್ದು: ಬೆಳಗಿನಿಂದ ತಾರಸ್ಥಾಯಿಯಲ್ಲಿ ಬೈದೂ ಬೈದೂ ನನ್ನ ಗಂಟಲು ಕಟ್ಟಿಹೋಗಿತ್ತು. ಶ್ರುತಿ ಇಳಿಸಿಕೊಂಡು ದೇವರನಾಮ ಶುರು ಮಾಡಿದೆ. ಕೊನೆಯ ಚರಣದಲ್ಲಿ ದನಿ ಒಡೆದೇಹೋಯಿತು.

ಅವಮಾನದಿಂದ ತಲೆ ತಗ್ಗಿಸಿಕೊಂಡು ಮನೆಗೆ ಬಂದರೆ ಪುಟ್ಟಮ್ಮ ಬಾಗಿಲಲ್ಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. "ಎದುರ್ಮನೆ ರೇಡಿಯೋದಲ್ಲಿ ಕೇಳ್ದೆ. ಕೊನೇಗೆ ಅತ್ತೇಬುಟ್ರಲ್ಲಮ್ಮ! ದೇವ್ರನ್ನ ಕಣ್ಣಾರೆ ಕಂಡೋರಂಗೆ!"

ನಮ್ಮವರು ಏನೋ ಹೇಳಲು ಬಾಯಿ ತೆರೆದರು. ನಾನು ಒಮ್ಮೆ ನೋಡಿದೆ, ಮುಚ್ಚಿಕೊಂಡರು. ನಾನು ಕೈಮುಗಿದು, "ಎಲ್ಲಾ ಅವನ ಕೃಪೆ" ಎಂದೆ.

ಅಂದಿನಿಂದ ವಠಾರದಲ್ಲಿ ನನಗೆ ಮಹಾ ಭಕ್ತೆ ಎಂಬ ಹೆಸರು. ರೇಡಿಯೋದವರು ಮತ್ತೆ ಕರೆದಾಗ, ಆ ಹೆಸರು ಉಳಿಸಿಕೊಳ್ಳಲು ದನಿ ಒಡೆಯುವಷ್ಟು ಯಾರ ಮೇಲಾದರೂ ರೇಗೋಣವೆಂದು ಬೆಳಗ್ಗೆಯೇ ಎದ್ದು ಕಾದೆ. ಏನು ಮಾಡಲಿ, ಹಾಳಾದ್ದು, ಅಂದು ಮನೆಯವರೆಲ್ಲ ಬಹಳ ಒಳ್ಳೆಯವರಾಗಿಬಿಟ್ಟಿದ್ದರು!